ಅತ್ತೆಯ ಕೋಣೆ, ಒಂದೊಂದೇ ಲೇಯರು

ಜೂನ್ 3

ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಈ ಮನೆಯಲ್ಲಿ ಹಗಲೆಲ್ಲ ಮಾತನಾಡುವವಳು ನಾನೊಬ್ಬಳೇ. ಇವರು ಬೆಳಿಗ್ಗೆ ಲಿಫ್ಟ್ ರಿಪೇರಿಗೆಂದು ಹೊರಟರೆ ಬರುವುದು ಕತ್ತಲಾದ ಮೇಲೆ. ಬಂದರೂ ಯಾವ ಕಟ್ಟಡದ ಲಿಫ್ಟಿನಲ್ಲಿ ಯಾರು ಸಿಕ್ಕಿಹಾಕಿಕೊಂಡಿದ್ದರು ಎಂಬುದರ ಹೊರತು ಬೇರೆ ಸುದ್ದಿ ಇರುವುದಿಲ್ಲ. ಹಾಗಾಗಿ ಈ ಪುಸ್ತಕದ ಹತ್ತಿರವಾದರೂ ಎರಡು ಮಾತಾಡೋಣ ಎಂದುಕೊಂಡಿದ್ದೇನೆ.

ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತಿವೆ. ಮಾತು ಹೋಗಿದೆ. ಉಳಿದಿರುವುದು ‘ಹೂಂ’ ಒಂದೇ. ನಾವು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆಯಂತೆ, ತಾವು ಹೇಳಬೇಕಾದದ್ದು ಮಾತ್ರ ನಾಲಿಗೆಗೆ ಬರುವುದಿಲ್ಲವಂತೆ. ಹಾಗೆಂದು ಮಾತು ಕಲಿಸುವ ಡಾಕ್ಟರಮ್ಮ ಹೇಳಿದರು. ಹಸಿವಾಯ್ತಾ? ಹೂಂ. ಹಸಿವಿಲ್ವಾ? ಹೂಂ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿ ನಿವೃತ್ತರಾದ ಹೆಂಗಸು. ನನ್ನ ಅಡುಗೆ, ನನ್ನ ಹೊಲಿಗೆ, ನಾನು ಬಾಗಿಲು ಹಾಕುವ ಸದ್ದು, ಎಲ್ಲದಕ್ಕೂ ಒಂದೊಂದು ಕೊಂಕು ತಯಾರಿರುತ್ತಿತ್ತು. ಈಗ ಅದೂ ಇಲ್ಲ. ಇಲ್ಲದ್ದಕ್ಕೆ ನೆಮ್ಮದಿಯಾಗಬೇಕಿತ್ತು.

ಡಾಕ್ಟರಮ್ಮ ಒಂದು ಚಿತ್ರದ ಚಾರ್ಟು ಕೊಟ್ಟಿದ್ದಾರೆ. ಬೇಕಾದ್ದರ ಮೇಲೆ ಅತ್ತೆ ಬೆರಳಿಡಬೇಕು. ಇವತ್ತು ಹಿಡಿಯಿರುವ ಒಂದು ನೀಲಿ ಕಪ್ಪಿನ ಮೇಲೆ ಬೆರಳಿಟ್ಟರು. ನಮ್ಮ ಮನೆಯಲ್ಲಿ ಅಂಥ ಕಪ್ಪೇ ಇಲ್ಲ. ನೀರು ತಂದೆ, ತಳ್ಳಿದರು. ಚಹಾ ತಂದೆ, ತಳ್ಳಿದರು, ಹಾಸಿಗೆಯ ಮೇಲೆಲ್ಲ ಚೆಲ್ಲಿತು. ಹಾಲು ತಂದೆ, ಮುಖ ತಿರುಗಿಸಿದರು. ಹೊದಿಕೆ ಬದಲಿಸುವಾಗ ನೋಡಿದರೆ ಕಿಟಕಿಯ ಬಿಸಿಲು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಚಾರ್ಟಿನಲ್ಲಿ ಕಿಟಕಿಯಿಲ್ಲ, ಪಾಪ, ಅವರಾದರೂ ಏನು ಮಾಡಬೇಕು.

ಸಂಜೆ ನಾದಿನಿಯ ಫೋನು. ಸ್ಪೀಕರ್ ಹಾಕಿ ಅತ್ತೆಯ ಕಿವಿಯ ಹತ್ತಿರ ಹಿಡಿದೆ.

“ಅಮ್ಮಾ, ನನ್ನ ಜೊತೆ ಬಂದುಬಿಡ್ತೀಯಾ?”

“ಹೂಂ.”

“ಕೇಳಿಸ್ಕೊಂಡ್ರಾ ಅತ್ತಿಗೆ? ಮುಂದಿನ ತಿಂಗಳ ಕೊನೇಲಿ ರಜೆ ಹಾಕಿ ಬಂದು ಕರ್ಕೊಂಡು ಹೋಗ್ತೀನಿ. ನೀವೂ ಸ್ವಲ್ಪ ಉಸಿರಾಡಿ.”

ನನಗೆ ಸಂತೋಷವಾಯಿತು. ನನಗಾಗಿಯೇ ಬರೆದುಕೊಳ್ಳುವ ಪುಸ್ತಕದಲ್ಲಿ ಸುಳ್ಳೇಕೆ? ಹೊಲಿಗೆ ಮಿಷನ್ ಧೂಳು ಹಿಡಿದು ಕೂತಿದೆ. ಇನ್ನು ಎರಡು ತಿಂಗಳು ಹಲ್ಲು ಕಚ್ಚಿಕೊಂಡರೆ ಆಯಿತು.

ಜೂನ್ 6

ನೀಲಿ ಕಪ್ಪಿನ ರಾಮಾಯಣವನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದೆ. ಅವರು ನಕ್ಕು, “ನಿಮ್ಮ ಮನೆ ಸಾಮಾನಿನ ಚಿತ್ರ ನೀವೇ ಮಾಡಿ” ಎಂದರು. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದ್ದೇನೆ ಎಂದೆ. ಲೋಟದ ಫೋಟೋ ತೋರಿಸಿದರೆ ಅತ್ತೆ ಲೋಟ ಬಿಟ್ಟು ಹಿಂದಿನ ಗೋಡೆಯ ಬಿರುಕನ್ನು ನೋಡುತ್ತಾ ಕೂರುತ್ತಾರೆ.

“ಅದಕ್ಕೇ ಫೋಟೋ ಬೇಡ. ಬೇಡದ್ದೆಲ್ಲ ಬಿಟ್ಟು ಬೇಕಾದ್ದಷ್ಟೇ ಬರೀರಿ. ಬಟ್ಟೆ ಹೊಲಿಯೋರು ನೀವು, ಚಿತ್ರ ಬರಲ್ಲ ಅಂದ್ರೆ ನಾನು ನಂಬಲ್ಲ.”

ತಮ್ಮನಿಗೆ ಫೋನ್ ಮಾಡಿದೆ. ಅವನು ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ ಡಿಸೈನ್ ಮಾಡುವವನು. ಸಂಜೆಯೇ ತನ್ನ ಹಳೆಯ ಲ್ಯಾಪ್‌ಟಾಪು, ಒಂದು ಕಪ್ಪು ಹಲಗೆ, ಅದಕ್ಕೊಂದು ಪೆನ್ನು ತಂದುಕೊಟ್ಟ. ಪೆನ್ನಿನಲ್ಲಿ ಶಾಯಿಯಿಲ್ಲ, ಹಲಗೆಯ ಮೇಲೆ ಏನೂ ಮೂಡುವುದಿಲ್ಲ. ಗೀಚುವುದು ಇಲ್ಲಿ, ಕಾಣಿಸುವುದು ಎದುರಿನ ಸ್ಕ್ರೀನಿನಲ್ಲಿ.

“ಕಾಗದದ ಮೇಲೆ ಬರೆದ್ರೆ ಏನಾಗುತ್ತೋ?” ಎಂದೆ.

“ತಪ್ಪಾದ್ರೆ ಮತ್ತೆ ಮೊದಲಿಂದ ಬರೀಬೇಕಾಗುತ್ತೆ ಅಕ್ಕಾ. ನಿನ್ನ ಸಿಟ್ಟಿಗೆ ಮನೇಲಿ ಕಾಗದ ಉಳಿಯಲ್ಲ.”

ಜೂನ್ 8

ಲೋಟ ಬರೆಯಲು ಕೂತೆ. ಬಕೆಟ್ಟಾಯಿತು.

ತಪ್ಪು ಎಲ್ಲಿ ಎಂದು ತಮ್ಮ ಫೋನಿನಲ್ಲೇ ಹಿಡಿದ. “ಕಣ್ಣೆಲ್ಲಿಟ್ಟಿದ್ದೀಯಾ?” “ಕೈ ಮೇಲೆ.” “ಅದೇ ಹೇಳಿದ್ದು. ಕೈ ನೋಡ್ಬೇಡ, ಸ್ಕ್ರೀನ್ ನೋಡು.” ಇಷ್ಟು ವರ್ಷ ಸೂಜಿಯ ಮೊನೆಯಿಂದ ಕಣ್ಣು ಕೀಳದೆ ಬದುಕಿದವಳಿಗೆ ಕೈ ನೋಡಬೇಡ ಎಂದರೆ ಹೇಗೆ? ಕಣ್ಣು ತನ್ನಷ್ಟಕ್ಕೆ ಕೆಳಗೆ ಇಳಿಯುತ್ತದೆ. ಕೊನೆಗೆ ಹಲಗೆಯ ಮೇಲೆ, ಕೈಯ ಮೇಲೆ, ಒಂದು ಟವೆಲ್ಲು ಮುಚ್ಚಿಕೊಂಡು ಬರೆದೆ. ಇವರು ಬಂದು ನೋಡಿ, “ಏನದು, ಕೈಗೆ ಜ್ವರಾನಾ?” ಎಂದರು.

ಜೂನ್ 9

ಬಕೆಟ್ಟೇ.

ಜೂನ್ 14

ಬಕೆಟ್ಟು ಲೋಟವಾಯಿತು. ಲೋಟದ ಕೆಳಗೆ ಮೇಜು ಬರೆದೆ, ಮೇಜಿನ ಮೇಲೆ ಮಾತ್ರೆಯ ಡಬ್ಬಿ. ಡಬ್ಬಿ ಚೆನ್ನಾಗಿ ಬರಲಿಲ್ಲವೆಂದು ಅಳಿಸಿದರೆ ಮೇಜಿಗೂ ತೂತು ಬಿತ್ತು. ತೂತು ಮುಚ್ಚಲು ಹೋಗಿ ಲೋಟದ ಬುಡ ಹೋಯಿತು. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಕುಕ್ಕಿ ಬಂದೆ.

“ಎಲ್ಲಾ ಒಂದೇ ಲೇಯರಲ್ಲಿ ಬರೆದ್ಯಾ?” ಎಂದು ತಮ್ಮ ತಲೆ ಚಚ್ಚಿಕೊಂಡ. ಸದ್ದು ಫೋನಿನಲ್ಲಿ ಕೇಳಿಸಿತು. ಲೇಯರು ಎಂದರೆ ಪದರ. ಒಂದೊಂದು ವಸ್ತುವನ್ನೂ ಬೇರೆ ಬೇರೆ ಪದರದಲ್ಲಿ ಬರೆಯಬೇಕು. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತಿದೆ. ಅದನ್ನು ಒತ್ತಿದರೆ ಆ ಪದರ ಮಾಯ, ಇನ್ನೊಮ್ಮೆ ಒತ್ತಿದರೆ ಹಾಜರು. ಕೋಟಿಗೆ ಮೇಲ್ಬಟ್ಟೆ, ಕ್ಯಾನ್ವಾಸು, ಲೈನಿಂಗು ಎಂದು ಬೇರೆ ಬೇರೆ ಕತ್ತರಿಸಿಟ್ಟುಕೊಳ್ಳುವುದಿಲ್ಲವೇ, ಹಾಗೆ. ಮೊದಲೇ ಹೀಗೆ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಜೂನ್ 19

ಮುಗಿಸಿದೆ. ನೀರು, ಚಹಾ, ಮಾತ್ರೆ, ಊಟ, ಶೌಚ, ನಿದ್ದೆ, ನೋವು, ಫ್ಯಾನು. ಲೋಟಕ್ಕೆ ಹೊಳಪು ಕೊಟ್ಟೆ, ಹೊದಿಕೆಯ ಚೌಕಳಿಯನ್ನು ಒಂದೂ ಬಿಡದೆ ತುಂಬಿದೆ. ಮೊನ್ನೆ ತಮ್ಮನ ಅಂಗಡಿಯಲ್ಲಿ ಮುದ್ರಿಸಿದರೆ ಪ್ರತಿ ಚಿತ್ರವೂ ಅಂಗಿಯ ಗುಂಡಿಯಷ್ಟೇ ಬಂತು. ಹೊಸ ಹಾಳೆ ತೆರೆಯುವಾಗ ಅಳತೆ ಕೇಳಿತ್ತಂತೆ, ನಾನು ನೋಡದೆ ಸರಿ ಎಂದು ಒತ್ತಿದ್ದೆ. ಅಳತೆ ತೆಗೆಯದೆ ಬಟ್ಟೆ ಕತ್ತರಿಸುವವರನ್ನು ಜನ್ಮವಿಡೀ ಬೈದವಳು ನಾನು! ತಮ್ಮ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ. ಎರಡು ದಿನ ಕೂತು ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಮತ್ತೆ ಬರೆದು ಇವತ್ತು ಮುದ್ರಿಸಿಕೊಂಡು ಬಂದೆ.

ಅತ್ತೆಯ ತೊಡೆಯ ಮೇಲೆ ಹರಡಿದೆ. ಒಂದೊಂದನ್ನೂ ನೋಡಿದರು. ಆಮೇಲೆ ಎಡಗೈ ಅಂಗೈಯನ್ನು ಚಿತ್ರಗಳ ಮೇಲೆ ಅಗಲವಾಗಿ ಇಟ್ಟು ಮುಚ್ಚಿಬಿಟ್ಟರು. ಕೈ ಎತ್ತಿ ಮತ್ತೆ ತೋರಿಸಿದೆ. ಮತ್ತೆ ಮುಚ್ಚಿದರು.

“ಚೆನ್ನಾಗಿಲ್ವಾ ಅತ್ತೆ?”

“ಹೂಂ.”

ಮೈಯೆಲ್ಲ ಉರಿಯಿತು. ಮಾತಿದ್ದಾಗಲೂ ನನ್ನ ಕೈಯ ಕೆಲಸ ಅವರಿಗೆ ಹಿಡಿಸಲಿಲ್ಲ, ಮಾತು ಹೋದ ಮೇಲೂ ಹಿಡಿಸುವುದಿಲ್ಲ. ಹೋಗಲಿ, ಮಗಳ ಮನೆಗೇ ಹೋಗಲಿ.

ಜೂನ್ 20

ಕಂಪ್ಯೂಟರ್ ತೆರೆಯಲಿಲ್ಲ.

ಜೂನ್ 27

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಅತ್ತೆಗಾಗಿ ಇನ್ನು ಬರೆಯುವುದಿಲ್ಲ, ಕಲಿತದ್ದು ಮರೆಯದಿರಲಿ ಎಂದು ನನಗಾಗಿ ಬರೆಯುತ್ತೇನೆ ಎಂದು ಕೂತಿದ್ದೆ. ಪ್ಲಗ್ಗು ಸಿಗುವುದು ಅತ್ತೆಯ ಕೋಣೆಯಲ್ಲಿ, ಹಾಗಾಗಿ ಅವರ ಮಂಚದ ಪಕ್ಕದಲ್ಲೇ. ಕಣ್ಣೆದುರು ಇದ್ದದ್ದು ಅದೇ ಕೋಣೆ, ಅದನ್ನೇ ಬರೆದೆ. ಮಂಚ, ಕಿಟಕಿ, ಕಿಟಕಿಯ ಪರದೆ, ಬೀರು, ಟಿವಿ, ಗಡಿಯಾರ. ಬುದ್ಧಿ ಬಂದಿತ್ತಲ್ಲ, ಒಂದೊಂದಕ್ಕೂ ಒಂದೊಂದು ಲೇಯರು. ಕಿಟಕಿ ತಿದ್ದೋಣವೆಂದು ಪರದೆಯ ಕಣ್ಣು ಒತ್ತಿದೆ. ಪರದೆ ಮಾಯವಾಯಿತು.

ಹಿಂದಿನಿಂದ ಒಂದು ಸದ್ದು. ‘ಹೂಂ’ ಅಲ್ಲ. ಮಗು ಏನನ್ನೋ ಮೊದಲ ಸಲ ಕಂಡಾಗ ಹೊರಡಿಸುವಂಥ ಸದ್ದು.

ತಿರುಗಿದರೆ ಅತ್ತೆ ದಿಂಬಿನಿಂದ ಅರ್ಧ ಎದ್ದಿದ್ದಾರೆ. ಪರದೆಯನ್ನು ವಾಪಸು ತಂದೆ, ಮತ್ತೆ ಮಾಯ ಮಾಡಿದೆ. ಅತ್ತೆ ಎಡಗೈ ಚಾಚಿ ಚಿತ್ರದ ಟಿವಿಯ ಮೇಲೆ ಬೆರಳಿಟ್ಟರು. ಆಮೇಲೆ ಮುಷ್ಟಿ ಮುಚ್ಚಿದರು. ಟಿವಿಯ ಕಣ್ಣು ಒತ್ತಿದೆ. ಟಿವಿ ಹೋಯಿತು.

“ಟಿವಿ ಬೇಡ್ವಾ ಅತ್ತೆ?”

“ಹೂಂ.”

ಆ ಹೂಂ ಅನ್ನು ನಂಬುವ ಹಾಗಿಲ್ಲ. ಟಿವಿಯನ್ನು ಚಿತ್ರಕ್ಕೆ ವಾಪಸು ತಂದೆ. ಬೆರಳು, ಮುಷ್ಟಿ. ಇನ್ನೊಮ್ಮೆ ತಂದೆ. ಈ ಸಲ ನನ್ನ ಕೈಗೇ ಪಟ್ಟೆಂದು ಒಂದು ಕೊಟ್ಟು ಮುಷ್ಟಿ ಹಿಡಿದರು. ನಾನು ಎದ್ದು ಹೋಗಿ ನಿಜವಾದ ಟಿವಿಯನ್ನು ಆರಿಸಿದೆ. ಅತ್ತೆ ಉದ್ದಕ್ಕೆ ಉಸಿರು ಬಿಟ್ಟು ಕಣ್ಣು ಮುಚ್ಚಿದರು. ಬೇಜಾರಾಗದಿರಲಿ ಎಂದು ಆಸ್ಪತ್ರೆಯಿಂದ ಬಂದ ದಿನದಿಂದ ಬೆಳಗಿಂದ ರಾತ್ರಿಯವರೆಗೆ ಅವರ ತಲೆಯ ಮೇಲೆ ಅದನ್ನು ಕಿರುಚಿಸಿದ್ದು ನಾವೇ.

ಬೇಕು ಬೇಕಾದ್ದನ್ನೆಲ್ಲ ಬರೆದುಕೊಟ್ಟೆ. ಬೇಡ ಎನ್ನಲು ದಾರಿಯನ್ನೇ ಇಟ್ಟಿರಲಿಲ್ಲ. ಅವತ್ತು ಅಂಗೈಯಿಂದ ಚಿತ್ರಗಳನ್ನು ಮುಚ್ಚಿದ್ದು ಅದಕ್ಕೇ. ತಮ್ಮನಿಗೆ ಫೋನ್ ಮಾಡಿ ಕೂಗಿಕೊಂಡೆ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

ಜುಲೈ 1

ಬೆರಳಿಟ್ಟು ಮುಷ್ಟಿ ಮುಚ್ಚಿದರೆ ತೆಗೆ, ಮುಷ್ಟಿ ಬಿಚ್ಚಿದರೆ ಹಾಕು. ನಮ್ಮಿಬ್ಬರ ಕಾನೂನು ಇಷ್ಟೇ.

ತೆಗೆದದ್ದು: ಚುಚ್ಚುವ ಹಸಿರು ಹೊದಿಕೆ. ಗಡಿಯಾರ. ಮಂಚದ ಕೆಳಗೆ ನಾನೇ ತುರುಕಿದ್ದ ಹಳೇ ಬಟ್ಟೆಯ ಮೂಟೆ. ಇವರು ಸಂಜೆ ಬಂದು ನೋಡಿ, “ಅಮ್ಮ ಮನೆ ಖಾಲಿ ಮಾಡಿಸ್ತಿದ್ದಾಳಾ ಹೇಗೆ? ನನ್ನ ಚಿತ್ರ ಮಾತ್ರ ಬರೀಬೇಡ ಮಾರಾಯ್ತಿ” ಎಂದರು.

ಬೀರುವಿನ ಹಿಡಿಯನ್ನು ನಾನು ಎಡಕ್ಕೆ ಬರೆದಿದ್ದೆ. ಅತ್ತೆ ಅದರ ಮೇಲೆ ಬೆರಳು ಕುಟ್ಟಿದರು, ಕುಟ್ಟಿಯೇ ಕುಟ್ಟಿದರು. ನೋಡಿದರೆ ಬಲಕ್ಕಿದೆ. ಮಹರಾಯಿತಿಯ ಕಣ್ಣಿಗೆ ಏನೂ ಆಗಿಲ್ಲ.

ಜುಲೈ 5

ಬೀರುವಿನ ಮೇಲೆ ಬೆರಳು, ಮುಷ್ಟಿ. ಬೀರು ತೆಗೆದೆ. ಮುಷ್ಟಿ ಬಿಡಲಿಲ್ಲ, ಅಂದರೆ ಅದಲ್ಲ. ಬೀರು ಹಾಕಿದೆ. ಮತ್ತೆ ಅಲ್ಲೇ ಬೆರಳು. ಬೀರುವಿನ ಬಾಗಿಲಿನ ಕನ್ನಡಿ ಬೇರೆ ಲೇಯರಿನಲ್ಲಿತ್ತು, ಅದನ್ನು ಮುಚ್ಚಿದೆ. ಮುಷ್ಟಿ ಸಡಿಲವಾಯಿತು.

ಕನ್ನಡಿ ಏನು ಮಾಡಿತು ಇವರಿಗೆ? ತಿಳಿಯದೆ ಅವರ ಪಕ್ಕದಲ್ಲೇ ದಿಂಬಿನ ಮೇಲೆ ತಲೆಯಿಟ್ಟು ನೋಡಿದೆ. ಎದುರಿಗೆ ನಮ್ಮಿಬ್ಬರ ಮುಖ. ಅವರ ಬಾಯಿ ಒಂದು ಕಡೆಗೆ ಜಾರಿದೆ, ಕಣ್ಣು ಒಂದು ಇಳಿದಿದೆ. ಎದ್ದರೂ ಅದೇ, ಮಲಗಿದರೂ ಅದೇ, ಊಟ ಮಾಡುವಾಗಲೂ ಅದೇ ಮುಖ ಅವರೆದುರು. ಈ ಮನೆಯಲ್ಲಿ ಒಬ್ಬರೂ ಆ ದಿಂಬಿನ ಮೇಲೆ ಒಮ್ಮೆ ತಲೆಯಿಟ್ಟು ನೋಡಲಿಲ್ಲವಲ್ಲ ಎಂದು ಅಳು ಬಂತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಬಟ್ಟೆಗೆ ಅಳತೆ ಕತ್ತರಿಸಿಕೊಳ್ಳುವ ಕಂದು ಕಾಗದ ತಂದು ಕನ್ನಡಿಗೆ ಅಂಟಿಸಿದೆ.

ಜುಲೈ 11

ಡಾಕ್ಟರಮ್ಮ ಲ್ಯಾಪ್‌ಟಾಪು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. ಅವರ ಬಳಿ ಬರುವ ಒಬ್ಬ ಬೇಕರಿಯವರಿಗೂ ಮಾತು ಹೋಗಿದೆಯಂತೆ, ಅವರ ಅಂಗಡಿಯನ್ನು ಹೀಗೆ ಬರೆದುಕೊಡುತ್ತೀರಾ ಎಂದು ಕೇಳಿದರು. ನನಗೇನು ಬರುತ್ತದೆ ಎಂದೆ. ಆದರೂ ಮನೆಗೆ ಬರುವ ದಾರಿಯಲ್ಲಿ ಆ ಬೇಕರಿಗೆ ಹೋಗಿ ಗಾಜಿನ ಕಪಾಟು ಎಷ್ಟಿವೆ, ಒಲೆ ಎಲ್ಲಿದೆ, ಬ್ರೆಡ್ ಕತ್ತರಿಸುವ ಮಿಷನ್ನಿನ ಹಿಡಿ ಯಾವ ಕಡೆಗೆ ಎಂದೆಲ್ಲ ನೋಡಿಕೊಂಡು ಬಂದೆ. ಹಿಟ್ಟಿನ ಧೂಳಿಗೆ ಯಾವ ಬ್ರಷ್ಷು ಸರಿ ಎಂದು ತಮ್ಮನನ್ನು ಕೇಳಬೇಕು.

ಜುಲೈ 15

ನಾದಿನಿ ಟಿಕೆಟ್ ಮಾಡಿಸಿದ್ದಾಳೆ, 28ಕ್ಕೆ ಬರುತ್ತಾಳೆ. ಅತ್ತೆಯ ಬಟ್ಟೆ ಜೋಡಿಸಿಡು ಎಂದು ಇವರು ಹೇಳಿದರು.

“ಅವರನ್ನ ಕೇಳಿದ್ರಾ?” ಎಂದೆ.

“ಅವತ್ತೇ ಹೂಂ ಅಂದಿದ್ದಾಳಲ್ಲ.”

ನಾನು ಅತ್ತೆಯ ಕಡೆ ತಿರುಗಿದೆ. “ಅತ್ತೆ, ನಿಮ್ಮನ್ನ ಚಂದ್ರಲೋಕಕ್ಕೆ ಕಳಿಸಿಬಿಡೋಣ್ವಾ?”

“ಹೂಂ.”

“ನಿಮ್ಮ ಮಗನಿಗೆ ಇನ್ನೊಂದು ಮದುವೆ ಮಾಡೋಣ್ವಾ?”

“ಹೂಂ.” ಅವರಿಗೆ ನಗು ತಡೆಯಲಾಗಲಿಲ್ಲ, ಬಾಯಿ ಒಂದೇ ಕಡೆಗೆ ಎದ್ದಿತು.

ಇವರು ನಗಲಿಲ್ಲ. ಆಮೇಲೆ ತಂಗಿಗೆ ಫೋನ್ ಮಾಡಿ, ಅವಳ ಮನೆಯಲ್ಲಿ ಅಮ್ಮನಿಗೆಂದು ಇಟ್ಟ ಕೋಣೆಯ ಫೋಟೋ ಕಳಿಸಲು ಹೇಳಿದರು. ಎರಡೂ ಮನೆ ಬರೆದು ತೋರಿಸಿ ಕೇಳಿಬಿಡೋಣ, ಅಮ್ಮ ಏನು ಹೇಳುತ್ತಾಳೋ ಹಾಗೆ, ಎಂದು ಅಣ್ಣ ತಂಗಿ ಒಪ್ಪಿದರು. ಇದು ಅವರಿಬ್ಬರ ಅಮ್ಮನ ವಿಷಯ. ನಾನು ಬರೆದುಕೊಡುವವಳು ಅಷ್ಟೇ.

ಜುಲೈ 20

ನಾದಿನಿಯ ಮನೆ ಬರೆದೆ. ಕೋಣೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ, ಕಿಟಕಿಯಾಚೆ ಹೂವಿನ ಕುಂಡಗಳು, ಬಾಗಿಲಲ್ಲಿ ನಾದಿನಿ, ಅವಳ ಇಬ್ಬರು ಮಕ್ಕಳು ನಿಂತು ಕೈ ಬೀಸುತ್ತಿದ್ದಾರೆ. ಇವರು ನೋಡಿ ಹೇಳಿದರು: “ಇದ್ಯಾಕೆ ಇಷ್ಟು ಮಂಕು? ಜೈಲಿದ್ದಂಗಿದೆಯಲ್ಲೇ.”

ಹೌದು, ಗೋಡೆಗೆ ಬೂದು ಬಳಿದುಬಿಟ್ಟಿದ್ದೆ. ಕುಂಡಗಳೂ ಸಣ್ಣವಾಗಿದ್ದವು. ಕೈಗೆ ಆ ಬಣ್ಣ ಸಿಕ್ಕಿತು, ಬಳಿದೆ, ಬೇರೇನಿಲ್ಲ.

ಜುಲೈ 21

ಎಲ್ಲ ಸರಿಮಾಡಿದೆ. ಗೋಡೆಗೆ ಫೋಟೋದಲ್ಲಿದ್ದ ತಿಳಿ ಹಳದಿಯನ್ನೇ ಹಿಡಿದು ಹಾಕಿದೆ. ಹೂವುಗಳನ್ನು ಕೆಂಪಗೆ ಬಿಡಿಸಿದೆ, ಮಕ್ಕಳ ನಗುವನ್ನು ಎರಡೆರಡು ಸಲ ತಿದ್ದಿದೆ. ಈಗ ಯಾರು ನೋಡಿದರೂ ಅಲ್ಲಿಗೇ ಹೋಗೋಣ ಎನ್ನಬೇಕು, ಅಷ್ಟು ಚೆನ್ನಾಗಿದೆ. ಎರಡೂ ಚಿತ್ರದಲ್ಲಿ ಅತ್ತೆಯನ್ನು ಅವರದೇ ಲೇಯರಿನಲ್ಲಿ ಕೂರಿಸಿದ್ದೇನೆ. ನಿದ್ದೆ ಬರುತ್ತಿಲ್ಲ, ಸೆಖೆ ಇರಬೇಕು.

ಜುಲೈ 28

ನಾದಿನಿ ಬಂದಳು. ಅಮ್ಮನನ್ನು ತಬ್ಬಿಕೊಂಡು ಅತ್ತಳು, ಕನ್ನಡಿಗೆ ಕಾಗದ ಅಂಟಿಸಿದ್ದು ನೋಡಿ ಯಾಕೆಂದು ಕೇಳಿದಳು. ಹೇಳಿದೆ. ಎದ್ದು ಹೋಗಿ ಕಾಗದದ ಬಿಟ್ಟುಕೊಂಡಿದ್ದ ಮೂಲೆಯನ್ನು ಒತ್ತಿ ಅಂಟಿಸಿದಳು.

ಇವರೂ ರಜೆ ಹಾಕಿದ್ದರು, ಮಧ್ಯಾಹ್ನ ಮೂವರೂ ಮಂಚದ ಸುತ್ತ ಕೂತೆವು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೆರೆದು ಮೊದಲು ನಾದಿನಿಯ ಮನೆ ತೋರಿಸಿದೆ. ಅತ್ತೆ ಚಿತ್ರದ ಒಂದೊಂದು ಮೂಲೆಯನ್ನೂ ನೋಡಿದರು. ಮಕ್ಕಳ ಮುಖವನ್ನು ಬೆರಳಿನಿಂದ ಸವರಿದರು, ಸ್ಕ್ರೀನಿನ ಮೇಲೆ ಗುರುತು ಮೂಡಿತು. ಆ ನಗುವನ್ನು ಎರಡೆರಡು ಸಲ ತಿದ್ದಿದ್ದು ಹೆಚ್ಚಾಯಿತೇನೋ ಎನಿಸಿತು. ಆಮೇಲೆ ಬೆರಳು ಮೆಲ್ಲಗೆ ಚಿತ್ರದಲ್ಲಿದ್ದ ಅತ್ತೆಯ ಮೇಲೆ ಬಂತು. ಮುಷ್ಟಿ ಮುಚ್ಚಿತು.

ನಾನು ಆ ಲೇಯರಿನ ಕಣ್ಣು ಒತ್ತಲಿಲ್ಲ. ತಪ್ಪಿ ತೋರಿಸಿದ್ದರೆ? “ಅತ್ತೆ, ಸರಿಯಾಗಿ ನೋಡಿ, ಇದು ನೀವು” ಎಂದೆ. ನನ್ನ ಕೈಗೆ ಪಟ್ಟೆಂದು ಒಂದು ಬಿತ್ತು. ಒತ್ತಿದೆ. ಹಳದಿ ಕೋಣೆಯಿಂದ ಅತ್ತೆ ಹೊರಟುಹೋದರು.

“ನಾನೇನ್ ಮಾಡ್ದೆ ಅಮ್ಮಾ?” ಎಂದಳು ನಾದಿನಿ.

ಅತ್ತೆ ಚಿತ್ರದಲ್ಲಿ ಬಾಗಿಲ ಬಳಿ ನಿಂತಿದ್ದ ನಾದಿನಿಯ ಮೇಲೆ ಬೆರಳಿಟ್ಟರು. ಆ ಬೆರಳನ್ನು ಪಕ್ಕಕ್ಕೆ, ನಮ್ಮ ಮನೆಯ ಚಿತ್ರದತ್ತ ಎಳೆದರು. ಮುಷ್ಟಿ ಬಿಚ್ಚಿದರು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನಾದಿನಿಯ ಲೇಯರನ್ನು ನಕಲು ಮಾಡಿ ಈ ಮನೆಯ ಚಿತ್ರಕ್ಕೆ ತಂದು ಅಂಟಿಸಿದೆ. ಅತ್ತೆ ಕಿಟಕಿಯ ಬಳಿ ತೋರಿಸಿದರು, ಅಲ್ಲಿಗೆ ಸರಿಸಿದೆ. ಹಿಂದೆಯೇ ಇಬ್ಬರು ಮಕ್ಕಳೂ ಚಿತ್ರಕ್ಕೆ ಬಂದರು.

“ನಾನೇ ಇಲ್ಲಿಗೆ ಬರ್ತಾ ಇರ್ಬೇಕಾ?” ನಾದಿನಿ ಅಳುತ್ತಲೇ ನಕ್ಕಳು. “ಬರ್ತೀನಮ್ಮಾ. ಮಕ್ಕಳನ್ನೂ ಕರ್ಕೊಂಡು ಬರ್ತೀನಿ.”

“ಹೂಂ.” ಈ ಹೂಂ ಯಾವುದೆಂದು ಯಾರಿಗೂ ಸಂಶಯ ಬರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದು ನಾನು ಲ್ಯಾಪ್‌ಟಾಪು ಮುಚ್ಚಲು ಹೊರಟೆ. ಅತ್ತೆ ಬಿಡಲಿಲ್ಲ. ಚಿತ್ರದಲ್ಲಿ ಮಂಚದ ಪಕ್ಕದ ಖಾಲಿ ನೆಲದ ಮೇಲೆ ಬೆರಳಿಟ್ಟು ಮುಷ್ಟಿ ಬಿಚ್ಚಿದರು. ಮೇಜು ಹಾಕಿದೆ, ಬೇಡ. ನೀರಿನ ಲೋಟ ಹಾಕಿದೆ, ಬೇಡ. ಮತ್ತೆ ಮತ್ತೆ ಅಲ್ಲೇ ಕುಟ್ಟಿ ಮುಷ್ಟಿ ಬಿಚ್ಚುತ್ತಾರೆ. ಏನು ಮರೆತಿದ್ದೇನೆಂದು ಕೋಣೆಯನ್ನೆಲ್ಲ ಕಣ್ಣಲ್ಲೇ ತಡಕಿದೆ.

“ನೀನು ಕಣೇ” ಎಂದರು ಇವರು. “ಇಡೀ ಮನೆ ಬರೆದಿದ್ದೀಯ, ನೀನೆಲ್ಲಿದ್ದೀಯ?”

ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಆಮೇಲೆ ಎಲ್ಲರೆದುರೇ ಕೂತು ನನ್ನನ್ನು ಬರೆದೆ. ಬೇರೆಯವರನ್ನು ಬರೆಯುವುದು ಇಷ್ಟು ಕಷ್ಟವಿಲ್ಲ. ಕೊರಳಲ್ಲಿ ಅಳತೆ ಟೇಪು, ಕೆದರಿದ ಕೂದಲು. ಬುದ್ಧಿ ಬಂದವಳಲ್ಲವೇ, ಕಣ್ಣು ಬೇರೆ ಲೇಯರು, ಮೂಗು ಬೇರೆ ಲೇಯರು, ಬಾಯಿ ಬೇರೆ ಲೇಯರು. ಅತ್ತೆ ಪ್ರತಿ ಗೆರೆಯನ್ನೂ ಕಾದು ನೋಡಿದರು. ಮುಗಿಸಿ, “ಸರಿಯಾಯ್ತಾ ಅತ್ತೆ? ಬಣ್ಣ ಹೆಚ್ಚಾಯ್ತಾ? ಸೊಂಟ ಸ್ವಲ್ಪ ದಪ್ಪ ಬಂತು, ನಾಳೆ ತಿದ್ತೀನಿ, ಈ ಪೆನ್ನಲ್ಲಿ ಏನಾಗುತ್ತೆ ಅಂದ್ರೆ…” ಎನ್ನುತ್ತಿದ್ದೆ.

ಅತ್ತೆ ಚಿತ್ರದಲ್ಲಿ ನನ್ನ ಬಾಯಿಯ ಮೇಲೆ ಬೆರಳಿಟ್ಟರು. ಮುಷ್ಟಿ ಮುಚ್ಚಿದರು.

ನಾದಿನಿ ಕಿಸಕ್ಕೆಂದಳು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯಂತೂ ಅರ್ಧ ಬಾಯಿಯಲ್ಲಿ ನಗುತ್ತಾ, ಒಳ್ಳೆಯ ಕಣ್ಣಿನಿಂದ ನನ್ನನ್ನೇ ನೋಡುತ್ತಾ, ಮುಚ್ಚಿದ ಮುಷ್ಟಿಯನ್ನು ಬಿಚ್ಚದೆ ಕೂತಿದ್ದರು. ನಾನು ಒತ್ತಿದೆ, ಬಾಯಿ ಹೋಯಿತು. ಚಿತ್ರವನ್ನು ಹಾಗೆಯೇ ಸೇವ್ ಮಾಡಿದ್ದೇನೆ. ಬಾಯಿಯ ಲೇಯರನ್ನು ಅಳಿಸಿಲ್ಲ, ಬರೀ ಮರೆಮಾಡಿದ್ದೇನೆ, ಬೇಕಾದಾಗ ವಾಪಸು ತಂದುಕೊಳ್ಳುತ್ತೇನೆ.